ಪಲ್ಲವಿಗೆ ವಾಪಸಾಗದ ಹಾಡು

ಬಸ್ ಟಿಕೆಟ್ಟಿಗೆ ರಾಗ ಹಾಕಬಹುದೇ ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹಾಸನದ ನಮ್ಮ ಮನೆಯ ಜಗಲಿಯಲ್ಲಿ, ಬೆಳಗಿನ ಪಾಠ ಮುಗಿಸಿ ಮಕ್ಕಳೆಲ್ಲ ಎದ್ದು ಹೋದ ಮೇಲೆ. ಕೈಯಲ್ಲಿ ಒಂದು ಕವಿತೆ ಇತ್ತು. ಕವಿತೆಯಲ್ಲಿ ಬಸ್ಸಿತ್ತು, ಕಂಡಕ್ಟರಿದ್ದ, ಟಿಕೆಟ್ಟಿತ್ತು. ಇಷ್ಟು ವರ್ಷ ನಾನು ಹಾಡಿದ್ದರಲ್ಲೆಲ್ಲ ದೇವರಿದ್ದ, ಕಮಲವಿತ್ತು, ಹೆಚ್ಚೆಂದರೆ ಒಂದು ತೇರಿತ್ತು. ಟಿಕೆಟ್ಟು ಸಿಕ್ಕಿದ್ದು ಇದೇ ಮೊದಲು.

ಊರಿನ ನಾಲ್ಕಾರು ಸಂಗೀತದ ಹುಚ್ಚರು ಸೇರಿ, ನಮ್ಮ ಜಿಲ್ಲೆಯಲ್ಲಿ ಈಗ ಬರೆಯುತ್ತಿರುವವರ ಕವಿತೆಗಳನ್ನು ಒಂದು ಭಾನುವಾರ ಮಧ್ಯಾಹ್ನ ಶಾಸ್ತ್ರೀಯ ಕ್ರಮದಲ್ಲಿ ಹಾಡಿಸಬೇಕೆಂದು ಹಟ ಹಿಡಿದಿದ್ದರು. ಕೀಬೋರ್ಡು, ರಿದಮ್ ಪ್ಯಾಡು ಏನೂ ಬೇಡ. ಒಂದು ಕಂಠ, ಒಂದು ಪಿಟೀಲು, ತಂಬೂರಿ, ಅಷ್ಟೆ. ಮೃದಂಗವೂ ಬೇಡವೆಂದವನು ನಾನು, ಅದಕ್ಕೆ ಬೈಸಿಕೊಂಡವನೂ ನಾನು. ಮಾತು ಮಾತಾಗಿಯೇ ಕೇಳಿಸಬೇಕು, ಸಂಗೀತ ಅದರ ಪಕ್ಕದಲ್ಲಿ ನಡೆಯಬೇಕು ಎಂಬುದು ನನ್ನ ಆಸೆಯಾಗಿತ್ತು. ಅದು ಸಾಧ್ಯವೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಒಪ್ಪಿಕೊಂಡೆ.

ಕವಿತೆ ಬರೆದವರು ಹೊಳೆನರಸೀಪುರದ ಒಬ್ಬ ನಿವೃತ್ತ ಹೈಸ್ಕೂಲ್ ಟೀಚರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಎದುರಿಗಿದ್ದವನ ಕಾಗುಣಿತವನ್ನೂ ತಿದ್ದುವಂಥ ಕಣ್ಣು. ಅವರನ್ನು ಕವಯಿತ್ರಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಇಲ್ಲಿ ಬೇರೆ ದಾರಿಯಿಲ್ಲದೆ ಹಾಗೆಯೇ ಕರೆಯುತ್ತೇನೆ. ಪದ್ಯವನ್ನು ಅವರ ಬಾಯಿಂದಲೇ ಕೇಳಬೇಕೆಂದು ಅವರ ಮನೆಗೆ ಹೋದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಅವಸರ ಮಾಡುತ್ತಾರೆ ಎಂಬುದು ರಾಗ ಹಾಕುವವನಿಗೆ ಅರ್ಧ ಕೆಲಸ ಮಾಡಿಕೊಡುತ್ತದೆ. ಅವರು ಕನ್ನಡಕ ಹಾಕಿಕೊಂಡು, ಕ್ಲಾಸಿಗೆ ಓದುವಂತೆ ಶುರು ಮಾಡಿದರು:

ಕೈಯ ಹಿಡಿದುಕೊ, ಕಂದ, ಬಸ್ಸಿನ
ಮೆಟ್ಟಿಲೆತ್ತರ, ಜೋಕೆ, ಬಾ.

ತಾಯಿಯೊಬ್ಬಳು ಪುಟ್ಟ ಮಗಳನ್ನು ಕರೆದುಕೊಂಡು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ, ಅಲ್ಲಿ ಬಸ್ಸು ಬದಲಿಸಿ ನುಗ್ಗೇಹಳ್ಳಿಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಮಗು ಪ್ರಶ್ನೆ ಕೇಳುತ್ತದೆ. 'ಕಿಟಕಿ ನಿನಗೇ, ಚೀಲ ನನಗೇ, ತೆಂಗು ಓಡಿತು ಹಿಂದಕೆ' ಎಂದು ತಾಯಿ ಆಟ ಆಡಿಸುತ್ತಾಳೆ. ಕೊನೆಯ ನುಡಿಯಲ್ಲಿ ಅದೇ ದಾರಿ, ಅದೇ ಬಸ್ಸು, ತಾಯಿ ಒಬ್ಬಳೇ. ಪದ್ಯ ಮುಗಿಯುವುದು ಹೀಗೆ:

ಎಷ್ಟು ಟಿಕೆಟೆಂದವನು ಕೇಳಲು
ಬೆರಳನೊಂದನು ಎತ್ತಿದೆ.

ಕೇಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನದು ಕೆದಕುವ ಸ್ವಭಾವ. ಮಗು ಯಾರು ಎಂದು ಕೇಳಿಯೇಬಿಟ್ಟೆ. ಅವರೂ ಮುಚ್ಚಿಡಲಿಲ್ಲ. ಅವರ ಅಕ್ಕನನ್ನು ನುಗ್ಗೇಹಳ್ಳಿಗೆ ಕೊಟ್ಟಿದ್ದರಂತೆ. ಅಕ್ಕನಿಗೆ ಮಕ್ಕಳಾಗಲಿಲ್ಲ, ಇವರಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳನ್ನು ಅಕ್ಕನ ಮಡಿಲಿಗೆ ಹಾಕಿದ್ದಾಯಿತು. ಹಿರಿಯರು ಕೂತು ಮಾತಾಡಿದ್ದರು, ಇವರೂ ಹೂಂ ಅಂದಿದ್ದರು. ಮಗಳು ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾಯಿತು. ಅಕ್ಕನನ್ನು ಅಮ್ಮ ಎನ್ನುತ್ತಾಳೆ, ಹೆತ್ತ ಇವರನ್ನು ಚಿಕ್ಕಮ್ಮ ಎನ್ನುತ್ತಾಳೆ. ವಿಷಯ ಎಲ್ಲರಿಗೂ ಗೊತ್ತು, ಯಾರೂ ಅದರ ಮಾತೆತ್ತುವುದಿಲ್ಲ.

ಇಷ್ಟು ಹೇಳಿ ಅವರು ಕನ್ನಡಕ ತೆಗೆದು ಮಡಿಸಿಟ್ಟರು. "ಕಾರ್ಯಕ್ರಮಕ್ಕೆ ಅಕ್ಕನೂ ಬರ್ತಾಳೆ, ಮಗಳೂ ಬರ್ತಾಳೆ ಮೇಷ್ಟ್ರೇ. ಅಕ್ಕನ ಎದುರಿಗೆ ಇದನ್ನ ಹಾಡಬಹುದೋ ಬೇಡವೋ ಅಂತ, ನೀವು ಹಾಡು ಮಾಡಿ ನಂಗೆ ಕೇಳಿಸಿದ ಮೇಲೆ ಹೇಳ್ತೀನಿ. ಅಲ್ಲೀವರೆಗೂ ಯಾರಿಗೂ ಮಾತು ಕೊಡಬೇಡಿ," ಎಂದರು.

ನಾನು ತಲೆಯಾಡಿಸಿ ಬಂದೆ. ಆ ಷರತ್ತಿನ ತೂಕ ಆಗ ನನಗೆ ಸರಿಯಾಗಿ ತಿಳಿದಿರಲಿಲ್ಲ. ನನ್ನ ತಲೆಯೆಲ್ಲ ರಾಗದ ಮೇಲಿತ್ತು.

ಮೊದಲು ಕೈ ಹಾಕಿದ್ದು ನೀಲಾಂಬರಿಗೆ. ತಾಯಿ, ಮಗು ಎಂದ ತಕ್ಷಣ ನಮ್ಮ ಕಡೆಯ ಯಾವ ಪಾಠದ ಮೇಷ್ಟ್ರಿಗಾದರೂ ನೀಲಾಂಬರಿ ನೆನಪಾಗುತ್ತದೆ. ಅದು ಲಾಲಿಯ ರಾಗ. ಎರಡು ಸಾಲು ಕೂರಿಸಿ ಹಾಡಿಕೊಂಡರೆ ಮಗು ಮಲಗಿಯೇಬಿಟ್ಟಿತು. ಈ ಪದ್ಯದ ಮಗು ಮಲಗುವ ಜಾತಿಯದಲ್ಲ, ಕಿಟಕಿಗೆ ಮೂಗು ಒತ್ತಿ ಕೂತಿರುವಂಥದ್ದು. ನೀಲಾಂಬರಿ ಬಿಟ್ಟು ಸಹಾನಕ್ಕೆ ಬಂದೆ. ಸಹಾನದಲ್ಲಿ ನೆಟ್ಟಗೆ ಹತ್ತುವ ಹಾಗಿಲ್ಲ. ಪಂಚಮಕ್ಕೆ ಹೋದವನು ಒಂದು ಸ್ವರ ಹಿಂದಕ್ಕೆ ಬಂದು, ಮಧ್ಯಮವನ್ನು ಮುಟ್ಟಿ, ಆಮೇಲೆ ಧೈವತಕ್ಕೆ ಏರಬೇಕು. ಎತ್ತರದ ಮೆಟ್ಟಿಲ ಮುಂದೆ ಮಕ್ಕಳು ಮಾಡುವುದೂ ಅದನ್ನೇ. ತಾಳದ ಚಿಂತೆ ಇರಲಿಲ್ಲ. ಪದ್ಯವೇ ಮೂರು ನಾಲ್ಕು, ಮೂರು ನಾಲ್ಕು ಎಂದು ಹೆಜ್ಜೆ ಹಾಕುತ್ತಿತ್ತು. 'ಕೈಯ' ಮೂರು, 'ಹಿಡಿದುಕೊ' ನಾಲ್ಕು. ಮಿಶ್ರಛಾಪು ತಾನಾಗಿಯೇ ಬಂದು ಕೂತಿತು.

ಮೊದಲ ಸಾಲಿಗೆ ಸಂಗತಿಗಳನ್ನೂ ಹಾಕಿದೆ. ಒಂದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಬೆಳೆಸಿ ಹಾಡುವುದಕ್ಕೆ ಸಂಗತಿ ಎನ್ನುತ್ತೇವೆ. ಸಾಹಿತ್ಯದವರಿಗೆ ಇದು ಕಂಡರಾಗುವುದಿಲ್ಲ, ಒಮ್ಮೆ ಹೇಳಿದರೆ ತಿಳಿಯುವುದಿಲ್ಲವೇ ಎನ್ನುತ್ತಾರೆ. ಆದರೆ ಇಲ್ಲಿ ಅದು ಚೆನ್ನಾಗಿ ಒದಗಿತು. ಬಸ್ ಸ್ಟ್ಯಾಂಡಿನಲ್ಲಿ 'ಕೈ ಹಿಡ್ಕೊ' ಎಂಬುದನ್ನು ಒಂದೇ ಸಲ ಹೇಳಿ ಬಿಟ್ಟ ತಾಯಿಯನ್ನು ನಾನಂತೂ ನೋಡಿಲ್ಲ.

ಹಾಡುವವರು ಅರಕಲಗೂಡಿನವರು. ಅಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ, ಮೂವತ್ತು ದಾಟಿದ ಹೆಣ್ಣುಮಗಳು. ತುಂಬ ಶಿಸ್ತಿನ ಪಾಠದಲ್ಲಿ ಬಂದ ಗಂಟಲು, ಅದಕ್ಕಿಂತ ಶಿಸ್ತಿನ ನಾಲಗೆ. ಸಾಹಿತ್ಯ ನೋಡಿದ ಕೂಡಲೆ ಅವರಿಗೆ ನಗು ಬಂತು. 'ಟಿಕೆಟೆಂದವನು' ಎಂಬಲ್ಲಿ ನಾನು ನಿಷಾದ ಸ್ವರವನ್ನು ಅಲುಗಿಸಿ ತೂಗಿಸಿದ್ದೆ. ಅವರು ಹಾಡಿ ನೋಡಿ ನಿಲ್ಲಿಸಿದರು.

"ಸಾರ್, ಇಲ್ಲಿ ಗಮಕ ಹಾಕಿದ್ರೆ ಟಿಕೆಟ್ಟು ಗಾಳಿಗೆ ಹಾರ್ಕೊಂಡು ಹೋದಂಗೆ ಆಗುತ್ತೆ," ಎಂದರು.

ನಾನೂ ನಕ್ಕೆ, ಒಳಗೊಳಗೆ ಉರಿಯಿತು ಕೂಡ. ಆದರೆ ಮಾತು ನಿಜ. ಬಸ್ಸು, ಟಿಕೆಟ್ಟು ಇವೆಲ್ಲ ನಮ್ಮ ಬಾಯಲ್ಲಿ ಗಟ್ಟಿಯಾಗಿ, ಚೊಕ್ಕವಾಗಿ ಬೀಳುವ ಪದಗಳು. ಅವುಗಳನ್ನು ಎಳೆದರೆ ಅಣಕ ಮಾಡಿದ ಹಾಗಾಗುತ್ತದೆ. ಕೊನೆಗೆ ಆ ಪದಗಳನ್ನೆಲ್ಲ ಅಲುಗಿಸದೆ, ಬೋಳು ಸ್ವರದಲ್ಲಿ ಇಟ್ಟೆವು. ಗಮಕವೆಲ್ಲ ಕೈಗೆ, ಕಂದನಿಗೆ, ತೆಂಗಿಗೆ ಹೋಯಿತು. ಹಾಗೆ ಮಾಡಿದ ಮೇಲೆ ಒಂದು ವಿಚಿತ್ರ ಆಯಿತು. ಸುತ್ತ ಎಲ್ಲ ಓಲಾಡುವಾಗ ಬೋಳಾಗಿ ನಿಂತ 'ಟಿಕೆಟು' ತುಂಬ ಸ್ಪಷ್ಟವಾಗಿ, ಸ್ವಲ್ಪ ಒರಟಾಗಿ ಕೇಳಿಸಿತು. ಕಂಡಕ್ಟರ್ ನಿಜವಾಗಿಯೂ ಬಂದು ನಿಂತ ಹಾಗಿತ್ತು.

ಹಾಡು ಒಂದು ಹದಕ್ಕೆ ಬಂತೆಂದು ಅನಿಸಿದಾಗ ನಾನೂ ಗಾಯಕಿಯೂ ಹೊಳೆನರಸೀಪುರಕ್ಕೆ ಹೋದೆವು. ಮೊಬೈಲಿನಲ್ಲಿ ತಂಬೂರಿ ಹಚ್ಚಿ, ನೆಲದ ಮೇಲೆ ಚಾಪೆ ಹಾಸಿ ಕೂತೆವು. ಕವಯಿತ್ರಿ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡರು. ಹಾಡು ಶುರುವಾಯಿತು. ಪ್ರತಿ ನುಡಿ ಮುಗಿದ ಮೇಲೂ ಪಲ್ಲವಿಗೆ, ಅಂದರೆ 'ಕೈಯ ಹಿಡಿದುಕೊ ಕಂದ' ಎಂಬ ಮೊದಲ ಸಾಲಿಗೆ ವಾಪಸು ಬರುವಂತೆ ಕಟ್ಟಿದ್ದೆ. ಕಟ್ಟಿದ್ದೆ ಎನ್ನುವುದೂ ಸರಿಯಲ್ಲ. ನಮ್ಮಲ್ಲಿ ಹಾಡು ಎಂದರೇನೇ ಹಾಗೆ. ನುಡಿ ಎಲ್ಲಿಗೇ ಹೋಗಲಿ, ಪಲ್ಲವಿಗೆ ಬರಬೇಕು. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ.

ಕವಯಿತ್ರಿಗೆ ಹಿಡಿಸಿತು. ಮೂರನೇ ನುಡಿಯ ಹೊತ್ತಿಗೆ ಅವರ ಕೈ ಸಡಿಲವಾಗಿ ತೊಡೆಯ ಮೇಲೆ ಬಂದಿತ್ತು, ಬೆರಳು ತಾಳ ಹಾಕುತ್ತಿತ್ತು. ಕೊನೆಯ ನುಡಿ ಬಂತು, ಬೆರಳನೊಂದನು ಎತ್ತಿದೆ. ಗಾಯಕಿ ಅಲ್ಲಿಂದ ಚಂದವಾಗಿ ಇಳಿದು 'ಕೈಯ ಹಿಡಿದುಕೊ ಕಂದ' ಎಂದು ಹಾಡಿ ಆಧಾರ ಸ್ವರವಾದ ಷಡ್ಜದಲ್ಲಿ ನಿಲ್ಲಿಸಿದರು. ತಾಳ ಹಾಕುತ್ತಿದ್ದ ಬೆರಳು ಅಷ್ಟು ಹೊತ್ತಿಗಾಗಲೇ ನಿಂತಿತ್ತು.

ಅವರು ಎದ್ದು ಹೋಗಿ ನಮಗೆ ನೀರು ತಂದುಕೊಟ್ಟರು. ಆಮೇಲೆ ಹೇಳಿದರು. "ಎಲ್ಲಾ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಬಿಟ್ಟುಬಂದ ಮೇಲೆ ಮತ್ತೆ ಕೈ ಹಿಡ್ಕೊ ಅಂತ ಕರೀತೀರಲ್ಲ, ಅದು ನಾನು ಮಗಳನ್ನ ವಾಪಸ್ ಕೇಳ್ದಂಗಾಯ್ತು. ನಾನು ಯಾವತ್ತೂ ಕೇಳಿಲ್ಲ. ಅಕ್ಕ ಮುಂದಿನ ಸಾಲಲ್ಲಿ ಕೂತಿರ್ತಾಳೆ, ಅಷ್ಟು ಜನರ ಎದುರಿಗೆ ಅವಳ ಮಡಿಲಿಂದ ಕಿತ್ಕೊಂಡಂಗೆ ಆಗಲ್ವಾ? ಇದು ಬೇಡ."

ಪಲ್ಲವಿಗೆ ಬರದಿದ್ದರೆ ಹಾಡು ಮುಗಿಯಿತೆಂದು ಯಾರಿಗೂ ತಿಳಿಯುವುದಿಲ್ಲ ಎಂದು ನಾನು ವಾದ ಮಾಡಿದೆ. ಪದ್ಯ ಮುಗಿದಿದ್ದು ಎಲ್ಲರಿಗೂ ತಿಳಿಯುತ್ತದಲ್ಲ ಎಂದರು. ಬೇರೆ ದಾರಿ ಇದ್ದರೆ ನೋಡಿ, ಇಲ್ಲದಿದ್ದರೆ ನನ್ನ ಪದ್ಯ ಬಿಟ್ಟುಬಿಡಿ, ಬೇಜಾರಿಲ್ಲ ಎಂದು ಹೇಳಿ ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಬೇಜಾರಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಇಷ್ಟು ಕಾಲ ಪಲ್ಲವಿಯನ್ನು ನಾನು ಒಂದು ಅನುಕೂಲವೆಂದುಕೊಂಡಿದ್ದೆ. ಅದು ಏನನ್ನೋ ಹೇಳುತ್ತದೆ, ಕೇಳುತ್ತದೆ, ಯಾರನ್ನೋ ನೋಯಿಸಬಲ್ಲದು ಎಂದು ಹೊಳೆದೇ ಇರಲಿಲ್ಲ. ಒಬ್ಬ ತಾಯಿ ಇಷ್ಟು ವರ್ಷ ಕಾದುಕೊಂಡ ಮೌನವನ್ನು ನನ್ನ ಅಭ್ಯಾಸ ತಾಳದ ಒಂದೇ ಆವರ್ತದಲ್ಲಿ ಒಡೆದುಹಾಕುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಒದ್ದಾಟ. ಪಲ್ಲವಿಯ ಬದಲು ಕೊನೆಯ ಸಾಲನ್ನೇ ಮೂರು ಸಲ ಹಾಡಿ ಮುಗಿಸೋಣವೆಂದೆ. ಮೂರು ಸಲ ಬೆರಳೆತ್ತಿದರೆ ಕಂಡಕ್ಟರು ಮೂರು ಟಿಕೆಟ್ ಹರಿದುಕೊಡುತ್ತಾನೆ ಎಂದು ಗಾಯಕಿ ತಳ್ಳಿಹಾಕಿದರು. ಕೊನೆಯ ನುಡಿಯನ್ನು ಬೇರೆ ರಾಗಕ್ಕೆ ಸಾಗಿಸಿ, ದುಃಖಕ್ಕೆ ಹೆಸರಾದ ಮುಖಾರಿಯಲ್ಲಿ ಕೂರಿಸಿದೆ. ಫೋನಿನಲ್ಲಿ ಕೇಳಿದ ಕವಯಿತ್ರಿ, ಅಳಿಸೋದು ಬೇಡ, ನಾನೇ ಅವತ್ತು ಅತ್ತಿಲ್ಲ ಎಂದರು. ಪಲ್ಲವಿಯ ಮಾತಿನ ಬದಲು ಬರೀ 'ಆ' ಎಂದು ಹಾಡಿಸಿದೆ, ಅದು ನಿಟ್ಟುಸಿರಿನ ಹಾಗೆ ಕೇಳಿಸಿ ನನಗೇ ನಾಚಿಕೆಯಾಯಿತು. ಕಡೆಗೆ ಏನೂ ಸೇರಿಸದೆ, ಕೊನೆಯ ಸಾಲನ್ನು ಷಡ್ಜಕ್ಕೆ ಇಳಿಸದೆ ಅದರ ಮೇಲಿನ ರಿಷಭದಲ್ಲೇ ಬಿಟ್ಟು, ಅಲ್ಲಿಗೇ ನಿಲ್ಲಿಸಿಬಿಡೋಣ ಎಂಬ ತೀರ್ಮಾನಕ್ಕೆ ಬಂದೆ. ಕಾಗದದ ಮೇಲೆ ಸರಿ ಕಾಣುತ್ತಿತ್ತು. ಹಾಡಿದರೆ ಮಾತ್ರ ಕರೆಂಟು ಹೋದಂತಿತ್ತು.

ಕಾರ್ಯಕ್ರಮ ಹತ್ತಿರ ಬಂದಾಗ ಪಿಟೀಲಿನವರನ್ನು ಕೂಡಿಸಿಕೊಂಡು ನಮ್ಮ ಮನೆಯ ಜಗಲಿಯಲ್ಲೇ ಅಭ್ಯಾಸಕ್ಕೆ ಕೂತೆವು. ಅವರು ಹಾಸನದವರೇ, ವಯಸ್ಸಾದವರು, ಕಛೇರಿ ಕಛೇರಿ ತಿರುಗಿ ಮಾಗಿದ ಕೈ. ಹಾಡುವವರ ಹಿಂದೆ ನೆರಳಿನ ಹಾಗೆ ಬರುವುದರಲ್ಲಿ ಅವರಿಗೆ ಸಮಾನರಿಲ್ಲ. ಹಾಡುವವರು ಮುಂದೆ ಏನು ಮಾಡುತ್ತಾರೆಂದು ಅವರ ಬಿಲ್ಲಿಗೆ ಮೊದಲೇ ಗೊತ್ತಿರುತ್ತದೆ. ಈ ಹಾಡು ಪಲ್ಲವಿಗೆ ಬರುವುದಿಲ್ಲ, ರಿಷಭದಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಮೂರು ಸಲ ಹೇಳಿದೆ. ಆಗಲಿ, ಆಗಲಿ ಎಂದರು.

ಗಾಯಕಿ ಕೊನೆಯ ಸಾಲು ಹಾಡಿದರು. ರಿಷಭದ ಮೇಲೆ ನಿಲ್ಲಿಸಿ ಬಾಯಿ ಮುಚ್ಚಿದರು. ಪಿಟೀಲು ನಿಲ್ಲಲಿಲ್ಲ. ಅಷ್ಟು ಕಾಲದ ಅಭ್ಯಾಸ, ಕೈ ತನ್ನ ಪಾಡಿಗೆ ತಾನು ಪಲ್ಲವಿಗೆ ಹೊರಟುಬಿಟ್ಟಿತು. 'ಕೈಯ ಹಿಡಿದುಕೊ ಕಂದ' ಎಂಬಷ್ಟು ನುಡಿಸಿದ ಮೇಲೆ, ಜೊತೆಗೆ ದನಿಯಿಲ್ಲವೆಂಬುದು ಅವರಿಗೆ ಅರಿವಾಗಿ ಬಿಲ್ಲು ಗಕ್ಕನೆ ನಿಂತಿತು. ಜಗಲಿಯಲ್ಲಿ ತಂಬೂರಿಯ ಸದ್ದೊಂದೇ ಉಳಿಯಿತು.

"ತೆಪ್ಪಾಯ್ತು ಕಣ್ ಸಾ. ಕೈ ತಾನೇ ಓಗ್ಬುಡ್ತು," ಎಂದು ಅವರು ಬಿಲ್ಲು ಕೆಳಗಿಟ್ಟರು.

ಗಾಯಕಿ ನನ್ನ ಮುಖ ನೋಡಿದರು. ನನಗೆ ಕಾಣಿಸಿದ್ದು ಇಷ್ಟು: ಹಾಡಿನುದ್ದಕ್ಕೂ ಜೊತೆಯಾಗಿ ನಡೆದುಬಂದ ಎರಡು ದನಿಗಳಲ್ಲಿ ಒಂದು ನಿಂತಿತ್ತು, ಇನ್ನೊಂದು ಅದು ಗೊತ್ತಿಲ್ಲದೆ ಅದೇ ದಾರಿಯಲ್ಲಿ ಮುಂದೆ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲವೆಂದು ಆಮೇಲೆ ತಿಳಿದುಕೊಂಡಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲ. ಬಿಟ್ಟ ಕೈ ಇನ್ನೂ ಹಿಡಿದ ಹಾಗೆಯೇ ಇತ್ತು, ಅಷ್ಟೆ.

ಇದನ್ನೇ ಇಟ್ಟುಕೊಳ್ಳೋಣ ಎಂದೆ. ಪಿಟೀಲಿನವರು ಸುಲಭಕ್ಕೆ ಒಪ್ಪಲಿಲ್ಲ. ಹಾಡುವವರು ನಿಲ್ಲಿಸಿದ ಮೇಲೆ ಪಕ್ಕವಾದ್ಯದವನು ಒಬ್ಬನೇ ಪಲ್ಲವಿ ನುಡಿಸಿದರೆ ಸಭೆಯಲ್ಲಿ ಏನಂದುಕೊಳ್ಳುತ್ತಾರೆ, ಈ ವಯಸ್ಸಿಗೆ ಲಯ ತಪ್ಪಿದ ಎಂಬ ಹೆಸರು ಯಾಕೆ ಎಂಬುದು ಅವರ ಅಂಜಿಕೆ. ಅಂಜಿಕೆ ನ್ಯಾಯವಾದದ್ದೇ. ಹಾಗಂದುಕೊಂಡರೂ ಅಂದುಕೊಳ್ಳಲಿ, ಆಮೇಲೆ ನಾನೇ ಎದ್ದು ಹೇಳುತ್ತೇನೆ ಎಂದು ಅವರನ್ನು ಒಪ್ಪಿಸಿದೆ. ಎಲ್ಲಿ ನಿಲ್ಲಿಸಬೇಕೆಂದು ಬಹಳ ಹೊತ್ತು ಹುಡುಕಿದೆವು. ಇಡೀ ಸಾಲು ನುಡಿಸಿದರೆ ಹಾಡು ನೆಮ್ಮದಿಯಾಗಿ ಮನೆ ಸೇರುತ್ತಿತ್ತು, ಅದು ಸುಳ್ಳು. 'ಕೈಯ' ಎಂಬಲ್ಲೇ ನಿಲ್ಲಿಸಿದರೆ ನಿಜವಾಗಿಯೂ ತಪ್ಪಿದಂತಿತ್ತು. ಕಡೆಗೆ ಮೊದಲು ಎಲ್ಲಿ ತಪ್ಪಿ ನಿಂತಿತ್ತೋ ಅಲ್ಲೇ, 'ಕಂದ' ಎಂಬ ಮಾತಿನ ಸ್ವರದ ಮೇಲೇ ನಿಲ್ಲಿಸಿದೆವು. ತೀರಾ ಕಷ್ಟವಾದದ್ದು ಅವರಿಗೆ. ತಪ್ಪಿ ಮಾಡಿದ್ದನ್ನು ಬೇಕೆಂದು ಮಾಡುವಾಗ ಬಿಲ್ಲಿನಲ್ಲಿ ನಾಟಕ ಬರುತ್ತಿತ್ತು. ಕಣ್ಣು ಮುಚ್ಚಿ, ಮುಂದೆಯೂ ಹಾಡುತ್ತಾರೆ ಎಂದೇ ನಂಬಿಕೊಂಡು ನುಡಿಸಿ ಎಂದೆ. ಆಮೇಲೆ ಬಂತು.

ಅದನ್ನು ಮೊಬೈಲಿನಲ್ಲಿ ಹಿಡಿದು ಕವಯಿತ್ರಿಗೆ ಕಳಿಸಿದೆ. ಒಂದಿಡೀ ಮಧ್ಯಾಹ್ನ ಉತ್ತರವಿಲ್ಲ. ಸಂಜೆ ಅವರೇ ಫೋನ್ ಮಾಡಿದರು.

"ಇದರಲ್ಲಿ ನಾನು ಕೇಳ್ತಿಲ್ಲ ಮೇಷ್ಟ್ರೇ. ಸುಮ್ನೆ ಬಸ್ಸಲ್ಲಿ ಕೂತಿದೀನಿ. ಹಾಡ್ಸಿ," ಎಂದರು. ಫೋನ್ ಇಡುವ ಮೊದಲು, "ಅಕ್ಕನಿಗೆ ಹೇಗೆ ಕೇಳುತ್ತೋ ನಂಗೆ ಗೊತ್ತಿಲ್ಲ," ಎಂದೂ ಸೇರಿಸಿದರು.

ಭಾನುವಾರ ಸಭಾಂಗಣ ಮುಕ್ಕಾಲು ತುಂಬಿತ್ತು. ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರದ ಪುಟ್ಟ ಜಾಗ. ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದರು. ದಪ್ಪ ಅಂಚಿನ ಸೀರೆ, ವಿಭೂತಿ, ಮಡಿಲಲ್ಲಿ ಎಲೆ ಅಡಿಕೆಯ ಚೀಲ. ಅವರ ಬಲಕ್ಕೆ ಮಗಳು, ಮಗಳ ಪಕ್ಕದಲ್ಲಿ ಅಳಿಯ. ಕವಯಿತ್ರಿ ಅಕ್ಕನ ಎಡಕ್ಕೆ. ತಾಯಿ ಮಗಳ ನಡುವೆ ಅಕ್ಕ. ಮುಖಗಳನ್ನು ನೋಡುತ್ತ ಕೂರುವ ಧೈರ್ಯವಿಲ್ಲದೆ ನಾನು ಪಕ್ಕದ ಬಾಗಿಲ ಹತ್ತಿರ ನಿಂತುಕೊಂಡೆ.

ಗಾಯಕಿ ಅಂದು ಅದ್ಭುತವಾಗಿ ಹಾಡಿದರು. 'ಟಿಕೆಟು' ಬಂದಾಗ ಒಂದಿಬ್ಬರು ನಕ್ಕರು, ಆ ನಗು ಅರ್ಧಕ್ಕೇ ನಿಂತಿತು. ಬೆರಳನೊಂದನು ಎತ್ತಿದೆ, ರಿಷಭ, ಮೌನ. ಪಿಟೀಲು ಒಂದೇ ಮುಂದೆ ಹೋಗಿ, ಕಂದನ ಮೇಲೆ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಯಿತೋ ಇಲ್ಲವೋ ತಿಳಿಯದೆ ಜನ ಕಾದರು. ಪಿಟೀಲಿನವರ ಹಣೆ ಬೆವೆತಿದ್ದು ನನಗೆ ಅಲ್ಲಿಂದಲೇ ಕಂಡಿತು. ಆಮೇಲೆ ಹಿಂದಿನ ಸಾಲಿಂದ ಯಾರೋ ತಟ್ಟಿದರು, ಎಲ್ಲರೂ ತಟ್ಟಿದರು, ನಾನು ಹೇಳಬೇಕೆಂದಿದ್ದ ವಿವರಣೆ ಬೇಕಾಗಲಿಲ್ಲ. ಅಕ್ಕ ತಟ್ಟಲಿಲ್ಲ.

ಕಾರ್ಯಕ್ರಮ ಮುಗಿದು ಕಾಫಿ ಕೊಡುತ್ತಿದ್ದಾಗ ಅಕ್ಕ ಮಗಳ ಹೆಗಲು ಹಿಡಿದುಕೊಂಡು ನೇರವಾಗಿ ನನ್ನ ಬಳಿಗೇ ಬಂದರು. ಹಿಂದೆ ಕವಯಿತ್ರಿ.

"ಕೊನೇಲಿ ಪಿಟೀಲ್ನೋರು ಒಬ್ರೇ ಬಾರ್ಸುದ್ರಲ್ಲ ಸಾ, ಅದುಕ್ಕೆ ಮಾತೇನು?" ಎಂದು ಕೇಳಿದರು.

ನಾನು ಕವಯಿತ್ರಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅದಕ್ಕೆ ಮಾತಿಲ್ಲ, ಬರೀ ಸ್ವರ ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರು ಕೇಳಿದ ರೀತಿಯಲ್ಲಿ ಉತ್ತರ ಗೊತ್ತಿದ್ದವರ ನೆಮ್ಮದಿ ಇತ್ತು. ಮೊದಲನೇ ಸಾಲೇ ಅಮ್ಮ, ಕೈಯ ಹಿಡಿದುಕೊ ಕಂದ ಎಂದೆ.

ಅವರು ತಲೆಯಾಡಿಸಿದರು. ಎಲೆ ಅಡಿಕೆ ಚೀಲದ ದಾರ ಸುತ್ತತೊಡಗಿದರು.

"ಅವತ್ತು ನಾನು ಮಗೀಗೆ ಕಾಯಿ ಬೆಲ್ಲ ಕೊಡೋ ಗ್ಯಾನದಲ್ಲಿದ್ದೆ. ಇವಳನ್ನ ಬಸ್ ಅತ್ಸಕ್ಕೂ ಬರ್ನಿಲ್ಲ. ಒಬ್ಳೇ ಎಂಗೆ ಓದ್ಲು ಅಂತ ಒಂದಿನಾನೂ ಕೇಳ್ನಿಲ್ಲ," ಎಂದರು. ನನಗೆ ಹೇಳಿದರೋ ತಂಗಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಮಗಳ ಕಡೆ ತಿರುಗಿದರು. "ಓಗವ್ವ, ಇವತ್ತು ಚಿಕ್ಕಮ್ಮನ ಜೊತೆ ಒಳೆನರ್ಸೀಪುರಕ್ಕೆ ಓಗಿ, ಇದ್ದು ಬಾ. ನಾನು ಅಳಿಯಂದ್ರ ಜೊತೆ ಕಾರಲ್ಲಿ ಓಯ್ತೀನಿ."

ಕವಯಿತ್ರಿ ಏನೋ ಹೇಳಲು ಬಾಯಿ ತೆಗೆದರು. ಅಕ್ಕ ಅವರ ಕೈಯನ್ನು ಒಮ್ಮೆ ಅದುಮಿ, ಅಳಿಯನನ್ನು ಕೂಗುತ್ತ ಹೊರಟುಬಿಟ್ಟರು.

ಕವಯಿತ್ರಿಗೆ ಕೊಟ್ಟ ಸನ್ಮಾನದ ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ನಾನು ತಾಯಿ ಮಗಳನ್ನು ಬಸ್ ಸ್ಟ್ಯಾಂಡಿನವರೆಗೂ ಬಿಟ್ಟುಬರಲು ಹೋದೆ. ದಾರಿಯಲ್ಲಿ ಪಿಟೀಲಿನವರ ವಯಸ್ಸೆಷ್ಟು ಎಂದು ಮಗಳು ನನ್ನನ್ನು ಕೇಳಿದಳು, ಅಷ್ಟೆ. ಹೊಳೆನರಸೀಪುರದ ಬಸ್ಸು ನಿಂತಿತ್ತು. ಮಗಳು ಮೊದಲು ಹತ್ತಿ, ತಿರುಗಿ ಕೈ ಚಾಚಿದಳು. ತಾಯಿಯನ್ನು ಕಿಟಕಿಯ ಪಕ್ಕ ಕೂರಿಸಿ, ಬುಟ್ಟಿಯನ್ನೂ ತಾಯಿಯ ಚೀಲವನ್ನೂ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಕೆಳಗೆ, ಕಿಟಕಿಯ ಹೊರಗೆ ನಿಂತಿದ್ದೆ.

ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಆದರೂ ಕಂಡಕ್ಟರು ಟಿಕೆಟ್ ಕೊಡಲೇಬೇಕು. ಅವನು ಮಿಷಿನ್ ಹಿಡಿದು ಸೀಟಿನಿಂದ ಸೀಟಿಗೆ ಬಂದ. ಏನು ಕೇಳಿದನೋ, ಎಂಜಿನ್ ಸದ್ದಿಗೆ ನನಗೆ ಕೇಳಿಸಲಿಲ್ಲ. ಮಗಳು ಬಾಯಿ ತೆಗೆಯುವಷ್ಟರಲ್ಲಿ ಕವಯಿತ್ರಿಯ ಕೈ ಮೇಲೆದ್ದಿತ್ತು. ಬೆರಳು ಎರಡಿದ್ದವು.